ತಡಿಯಂಡಮೋಳ್ ಚಾರಣ, ಕಾಫಿಯ ರುಚಿ, ಕೊಡವ ಊಟ: ಕಕ್ಕಬ್ಬೆಯ ವಾರಾಂತ್ಯವನ್ನು ಯೋಜಿಸುವ ಬಗೆ

ಕೊಡಗಿಗೆ ಎರಡು ದಿನಕ್ಕೆಂದು ಹೋಗುವವರಲ್ಲಿ ಬಹುಪಾಲು ಮಂದಿ ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ, ಮಾಂದಲಪಟ್ಟಿ ಎಂದು ಪಟ್ಟಿ ಮಾಡಿಕೊಂಡು, ಅದನ್ನು ಮುಗಿಸುವ ಭರದಲ್ಲಿ ಹಗಲಿನ ಹೆಚ್ಚಿನ ಹೊತ್ತನ್ನು ಕಾರಿನೊಳಗೇ ಕಳೆದು ಬರುತ್ತಾರೆ. ಈ ಬರಹದಲ್ಲಿ ಸೂಚಿಸಿರುವ ಕ್ರಮದಲ್ಲಿ ಆ ಪಟ್ಟಿಗೆ ಜಾಗವಿಲ್ಲ. ಜಿಲ್ಲೆಯ ಅತಿ ಎತ್ತರದ ಶಿಖರವಾದ ತಡಿಯಂಡಮೋಳನ್ನು ಒಂದು ಬೆಳಗ್ಗೆ ಹತ್ತಿಳಿಯುವುದು, ಅದರ ಬುಡದ ತೋಟಗಳಲ್ಲಿ ಬೆಳೆಯುವ ಕಾಫಿಯನ್ನು ಗಮನವಿಟ್ಟು ಕುಡಿದು ನೋಡುವುದು, ಅದೇ ನೆಲದ ಅಕ್ಕಿ, ಹುಳಿ, ಮೆಣಸುಗಳಿಂದಾದ ಅಡುಗೆಯನ್ನು ಎರಡು ಹೊತ್ತು ಸಾವಕಾಶವಾಗಿ ಉಣ್ಣುವುದು, ಇಷ್ಟೇ ಇದರ ವ್ಯಾಪ್ತಿ. ಇವೆಲ್ಲವೂ ಬೆಟ್ಟದ ಬುಡದ ಊರಾದ ಕಕ್ಕಬ್ಬೆಯ ಆಸುಪಾಸಿನಲ್ಲೇ ಸಿಗುವುದರಿಂದ ಶನಿವಾರವಿಡೀ ವಾಹನದ ಕೀಲಿಯನ್ನು ಮುಟ್ಟುವ ಅಗತ್ಯ ಬೀಳುವುದಿಲ್ಲ.

ಯಾವಾಗ ಹೋಗಬೇಕು, ಯಾವ ದಾರಿಯಲ್ಲಿ ಹೋಗಬೇಕು

ಚಾರಣಕ್ಕೆ ಅಕ್ಟೋಬರ್ ನಡುವಿನಿಂದ ಫೆಬ್ರುವರಿಯವರೆಗಿನ ಕಾಲ ಸೂಕ್ತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಸುರಿಯುವ ಮಳೆಯನ್ನು ಬಯಲುಸೀಮೆಯವರು ಊಹಿಸಿಕೊಳ್ಳುವುದು ಕಷ್ಟ. 2018ರ ಆಗಸ್ಟ್‌ನಲ್ಲಿ ಜಿಲ್ಲೆಯ ಗುಡ್ಡಗಳು ಕುಸಿದುದನ್ನು ನೆನೆದರೆ, ಮಳೆಗಾಲದಲ್ಲಿ ಕಡಿದಾದ ಇಳಿಜಾರುಗಳಲ್ಲಿ ತಿರುಗಾಡಬಾರದೆಂಬ ಮಾತಿಗೆ ಬೇರೆ ಸಮರ್ಥನೆ ಬೇಕಾಗುವುದಿಲ್ಲ. ಬೇಸಿಗೆ ಬಂದಂತೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುವುದರಿಂದ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದುಂಟು.

ಆದರೆ ಅಡುಗೆಯ ಪಂಚಾಂಗ ಚಾರಣದ ಪಂಚಾಂಗಕ್ಕೆ ಪೂರ್ತಿ ಹೊಂದುವುದಿಲ್ಲ. ಕೊಡವರು ಬೈಂಬಳೆ ಎನ್ನುವ ಎಳೆ ಬಿದಿರಿನ ಕಣಿಲೆ, ಕುಮ್ಮು ಎನ್ನುವ ಕಾಡಿನ ಅಣಬೆ, ಇವೆಲ್ಲ ಮಳೆ ಹಿಡಿದಾಗ ಸಿಗುವಂಥವು. ಔಷಧೀಯ ಗುಣದ್ದೆಂದು ನಂಬುವ ಮದ್ದುಸೊಪ್ಪಿನ ಪಾಯಸವಂತೂ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನಕ್ಕೆ, ಅಂದರೆ ಆಗಸ್ಟ್ 3ಕ್ಕೆ ಮೀಸಲು. ಸೊಪ್ಪನ್ನು ಬೇಯಿಸಿದ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಉಂಡ ಮಾರನೆಯ ದಿನ ಮೂತ್ರವೂ ಕೆಂಪಾಗುತ್ತದೆ. ಮೊದಲ ಸಲ ತಿಂದವರು ಗಾಬರಿಯಾಗಬಾರದೆಂದು ಮನೆಯವರು ಮುಂಚಿತವಾಗಿಯೇ ಹೇಳಿಬಿಡುತ್ತಾರೆ. ಎರಡೂ ಬೇಕೆನ್ನುವವರು ನವೆಂಬರ್ ಅಂತ್ಯದಿಂದ ಡಿಸೆಂಬರ್ ಮೊದಲ ಭಾಗದವರೆಗಿನ ವಾರಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆಗ ಬೆಟ್ಟದ ಹುಲ್ಲು ಇನ್ನೂ ಹಸಿರಾಗಿರುತ್ತದೆ, ಅರೇಬಿಕಾ ಹಣ್ಣಿನ ಕೊಯ್ಲು ನಡೆದಿರುತ್ತದೆ, ಹೊಸ ಭತ್ತದ ಹಬ್ಬವಾದ ಪುತ್ತರಿಯೂ ಆಸುಪಾಸಿನಲ್ಲೇ ಬರುತ್ತದೆ. ಆ ಹಬ್ಬದ ಮುಹೂರ್ತವನ್ನು ನಿಗದಿಪಡಿಸುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ಹಬ್ಬದ ದಿನವೇ ಹೋದರೆ ಹೋಮ್‌ಸ್ಟೇಗಳವರು ತಮ್ಮ ಮನೆತನದ ಕೆಲಸಗಳಲ್ಲಿ ಮುಳುಗಿರುತ್ತಾರಾದ್ದರಿಂದ ದಿನಾಂಕವನ್ನು ಮೊದಲೇ ಕೇಳಿಕೊಳ್ಳಬೇಕು.

ಬೆಂಗಳೂರಿನಿಂದ ಹೊರಡುವವರು ಮೈಸೂರು, ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆಯ ಮೂಲಕ ಕಕ್ಕಬ್ಬೆಗೆ ಹೋಗಿ, ಹಿಂದಿರುಗುವಾಗ ಮಡಿಕೇರಿ, ಕುಶಾಲನಗರದ ಮಾರ್ಗವಾಗಿ ಬಂದರೆ ಒಂದೇ ರಸ್ತೆಯನ್ನು ಎರಡು ಬಾರಿ ತುಳಿಯುವ ಬೇಸರ ತಪ್ಪುತ್ತದೆ. ಹುಣಸೂರು ದಾಟಿದ ಮೇಲೆ ದಾರಿ ಕಾಡಿನ ನಡುವೆ ಸಾಗುವುದರಿಂದ ಅದನ್ನು ಹಗಲಿನಲ್ಲೇ ಕ್ರಮಿಸಬೇಕು. ಬಸ್ಸಿನಲ್ಲಿ ಬರುವವರಿಗೆ ವಿರಾಜಪೇಟೆಯವರೆಗೆ ತೊಂದರೆಯಿಲ್ಲ; ಅಲ್ಲಿಂದ ಮುಂದೆ ಬಸ್ಸುಗಳು ವಿರಳ, ಕತ್ತಲಾದ ಮೇಲೆ ಇನ್ನೂ ವಿರಳ. ಆದ್ದರಿಂದ ಉಳಿದುಕೊಳ್ಳುವ ಮನೆಯವರಿಗೆ ಬರುವ ಹೊತ್ತನ್ನು ತಿಳಿಸಿ, ಜೀಪನ್ನೋ ಆಟೋವನ್ನೋ ಗೊತ್ತುಮಾಡಿಕೊಂಡಿರುವುದು ಕ್ಷೇಮ. ಶುಕ್ರವಾರ ಮಧ್ಯಾಹ್ನವೇ ಹೊರಟು ರಾತ್ರಿ ಊಟದ ಹೊತ್ತಿಗೆ ಕಕ್ಕಬ್ಬೆ ತಲುಪುವುದು ಈ ಯೋಜನೆಯ ಮುಖ್ಯ ಕೊಂಡಿ. ಶನಿವಾರ ಬೆಳಗ್ಗೆ ಹೊರಡುವ ಆಲೋಚನೆಯಿದ್ದರೆ ಬೆಟ್ಟ ಭಾನುವಾರಕ್ಕೆ ಬೀಳುತ್ತದೆ, ದಣಿದ ಕಾಲಿನಲ್ಲೇ ಊರಿನವರೆಗೆ ವಾಹನ ನಡೆಸಬೇಕಾಗುತ್ತದೆ.

ಶನಿವಾರ ಬೆಳಗ್ಗೆ: ಬೆಟ್ಟ

ತಡಿಯಂಡಮೋಳ್‌ನ ಎತ್ತರ 1,748 ಮೀಟರ್. ಹೊರಡುವ ಮೊದಲು ಮಾಡಬೇಕಾದ ಕೆಲಸವೆಂದರೆ ಅನುಮತಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ರಾಜ್ಯದ ಚಾರಣಪಥಗಳಿಗೆ ದಿನದ ಮಿತಿಯನ್ನು ಹಾಕಿ, ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು. ವಾರಾಂತ್ಯದ ಟಿಕೆಟ್‌ಗಳು ಬೇಗ ಮುಗಿಯುವುದರಿಂದ ಮೊದಲು ಟಿಕೆಟ್ ಪಡೆದು, ಆ ಬಳಿಕ ಕೋಣೆಯನ್ನು ಕಾದಿರಿಸುವುದು ಸರಿಯಾದ ಕ್ರಮ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡಿ ಪೇಚಿಗೆ ಸಿಲುಕುತ್ತಾರೆ. ನೋಂದಣಿಗೆ ಕೊಟ್ಟ ಗುರುತಿನ ಚೀಟಿ ಜೊತೆಯಲ್ಲಿರಬೇಕು. ಬೆಟ್ಟದ ಮೇಲೆ ರಾತ್ರಿ ತಂಗಲು ಅವಕಾಶವಿಲ್ಲ.

ಚಾರಣ ನಾಲ್ಕುನಾಡು ಅರಮನೆಯ ಬಳಿಯಿಂದ ಆರಂಭವಾಗುತ್ತದೆ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ, ಕೆತ್ತನೆಯ ಮರದ ಕಂಬಗಳುಳ್ಳ ಎರಡಂತಸ್ತಿನ ಈ ಕಟ್ಟಡವನ್ನು ಅರಮನೆ ಎಂಬ ಹೆಸರಿನ ನಿರೀಕ್ಷೆಯಿಂದ ನೋಡಿದರೆ ನಿರಾಶೆಯಾಗಬಹುದು. ಶತ್ರುವಿನ ಕಣ್ಣಿಗೆ ಬೀಳದಂತೆ ಬೆಟ್ಟದ ಮಡಿಲಲ್ಲಿ ಅಡಗಿಸಿಟ್ಟ ಮನೆ ಎಂದುಕೊಂಡು ನೋಡಿದರೆ ಅದರ ನೆಲೆ, ಕಿರಿದಾದ ಕೋಣೆಗಳು, ಎಲ್ಲವೂ ಅರ್ಥವಾಗುತ್ತವೆ. ಕೊಡಗಿನ ಕೊನೆಯ ಅರಸನಾದ ಚಿಕ್ಕ ವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಶರಣಾಗುವ ಮುನ್ನ ಆಶ್ರಯ ಪಡೆದದ್ದೂ ಇಲ್ಲಿಯೇ. ಒಳಭಾಗವನ್ನು ಇಳಿದು ಬಂದ ಮೇಲೆ ನೋಡಬಹುದು. ಬೆಳಗಿನ ತಂಪನ್ನು ಅದಕ್ಕೆ ವ್ಯಯಿಸಬಾರದು.

ಹತ್ತಿಳಿಯಲು, ನಿಲ್ಲುವ ಹೊತ್ತನ್ನೂ ಸೇರಿಸಿ, ಐದರಿಂದ ಆರು ಗಂಟೆ ಹಿಡಿಯುತ್ತದೆ. ಮೊದಲ ಭಾಗ ಜೀಪು ಹೋಗುವಷ್ಟು ಅಗಲವಾದ ದಾರಿ. ಕಾಫಿ ತೋಟಗಳ ಬದಿಯಲ್ಲಿ, ಸಣ್ಣ ತೊರೆಗಳನ್ನು ದಾಟಿ ನಿಧಾನವಾಗಿ ಏರುತ್ತದೆ. ಇದು ಸುಲಭವೆಂದು ಬಿರುಸಾಗಿ ನಡೆಯುವವರು ಮುಂದೆ ಸೋಲುತ್ತಾರೆ. ದೊಡ್ಡ ಬಂಡೆಯೊಂದಿರುವ ಬಯಲು ಕಳೆದ ಮೇಲೆ ದಾರಿ ಕಿರಿದಾಗಿ, ಹುಲ್ಲುಗಾವಲಿನ ಏಣಿನ ಮೇಲೆ ನೇರವಾಗಿ ಹತ್ತತೊಡಗುತ್ತದೆ. ಕೊನೆಗೆ ಒಂದು ಶೋಲಾ ಕಾಡಿನ, ಅಂದರೆ ಹುಲ್ಲುಗಾವಲಿನ ನಡುವಿನ ಕುಳ್ಳು ಮರಗಳ ದಟ್ಟ ಕಾಡಿನ, ತುಂಡು ಸಿಗುತ್ತದೆ. ಬಿಸಿಲಿನಿಂದ ಒಳಹೊಕ್ಕ ಕೂಡಲೇ ಮೈ ತಣ್ಣಗಾಗುವ, ಬೇರುಗಳನ್ನೇ ಮೆಟ್ಟಿಲಾಗಿಸಿಕೊಂಡು ಕೈಯೂರಿ ಹತ್ತಬೇಕಾದ ಈ ಕಡಿದಾದ ಭಾಗವೇ ಇಡೀ ಚಾರಣದಲ್ಲಿ ಹೆಚ್ಚು ದಣಿಸುವಂಥದು, ನನ್ನ ಮಟ್ಟಿಗೆ ಹೆಚ್ಚು ಇಷ್ಟವಾಗುವಂಥದು ಕೂಡ. ಕಾಡಿನಿಂದ ಹೊರಬಿದ್ದ ಸ್ವಲ್ಪ ಹೊತ್ತಿಗೆ ನೆತ್ತಿ. ಗಾಳಿ ತಿಳಿಯಾಗಿರುವ ದಿನ ಪಶ್ಚಿಮಕ್ಕೆ ಕೇರಳದ ಬೆಟ್ಟಸಾಲುಗಳಾಚೆ ಕಡಲಿನ ಗೆರೆ ಕಾಣಿಸುತ್ತದೆ.

ಮಂಜು ಯಾವಾಗ ಏರುವುದೋ ಹೇಳಲಾಗದು. ಒಮ್ಮೆ ನಾವು ಹಿಂದಿನ ರಾತ್ರಿಯ ಮಾತುಕತೆಯ ದೆಸೆಯಿಂದ ಎರಡು ಗಂಟೆ ತಡವಾಗಿ ಹೊರಟು, ತುದಿ ಮುಟ್ಟಿದಾಗ ಎದುರಿನ ಗೆಳೆಯನ ಮುಖದ ಹೊರತು ಬೇರೇನನ್ನೂ ನೋಡಲಾಗದೆ ಇಳಿದು ಬಂದೆವು. ಚೆಕ್‌ಪೋಸ್ಟ್ ತೆರೆದ ಕೂಡಲೇ ಹೊರಡಬೇಕೆನ್ನುವುದು ಇದಕ್ಕಾಗಿ. ಆನೆಗಳ ಓಡಾಟವಿರುವ ಸೀಮೆಯಾದ್ದರಿಂದ ಬೆಳಕು ಹರಿಯುವ ಮುನ್ನ ತೋಟದ ದಾರಿಯಲ್ಲಿ ನಡೆಯಬಾರದು, ಸಂಜೆಗೆ ಮೊದಲೇ ಕೆಳಗಿರಬೇಕು.

ತಲಾ ಎರಡು ಲೀಟರ್ ನೀರನ್ನು ಸ್ಟೀಲ್ ಬಾಟಲಿಗಳಲ್ಲಿ ಒಯ್ಯಬೇಕು, ಏಕೆಂದರೆ ಮೇಲ್ಭಾಗದಲ್ಲಿ ನೀರಿಲ್ಲ. ಮನೆಯವರನ್ನು ಕೇಳಿದರೆ ಅಕ್ಕಿ ಒಟ್ಟಿಯನ್ನು ಚಟ್ನಿಯೊಂದಿಗೆ ಕಟ್ಟಿಕೊಡುತ್ತಾರೆ. ಬೆಂದ ಅನ್ನವನ್ನು ಅಕ್ಕಿ ಹಿಟ್ಟಿನೊಂದಿಗೆ ನಾದಿ ಮಾಡುವ ಈ ರೊಟ್ಟಿ ಆರಿದರೂ ಮೃದುವಾಗಿರುವುದರಿಂದ ಬೆಟ್ಟದ ಬುತ್ತಿಗೆ ಬ್ರೆಡ್ಡಿಗಿಂತ ಮೇಲು. ಅಕ್ಟೋಬರ್‌ನಲ್ಲಿ ನೆಲ ಇನ್ನೂ ಒದ್ದೆಯಿದ್ದರೆ ಇಂಬಳಗಳಿರುತ್ತವೆ. ಪ್ಯಾಂಟನ್ನು ಉದ್ದನೆಯ ಕಾಲುಚೀಲದೊಳಗೆ ತುರುಕಿಕೊಳ್ಳುವುದು, ಕಚ್ಚಿದ್ದನ್ನು ಎಳೆದು ಕೀಳದೆ ಉಪ್ಪು ಮುಟ್ಟಿಸಿ ಬಿಡಿಸುವುದು, ಇಷ್ಟು ಸಾಕು.

ಶನಿವಾರ ಸಂಜೆ: ಊಟ, ಅದರ ಜೊತೆಗೆ ವೈನ್

ಕೊಡವ ಅಡುಗೆಯನ್ನು ತಿನ್ನಲು ಪೇಟೆಯ ಹೋಟೆಲಿಗಿಂತ ಹೋಮ್‌ಸ್ಟೇಯ ಅಡುಗೆಮನೆ ಉತ್ತಮ. ಆದರೆ ಒಂದು ಷರತ್ತಿದೆ: ಏನು ಬೇಕೆಂಬುದನ್ನು ಕನಿಷ್ಠ ಒಂದು ದಿನ ಮುಂಚೆ ಹೇಳಿರಬೇಕು. ಪಂದಿ ಕರಿ ಗಡಿಬಿಡಿಯಲ್ಲಿ ಆಗುವ ಪದಾರ್ಥವಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಸಾಸಿವೆ, ಮೆಂತ್ಯಗಳನ್ನು ಕಪ್ಪಗಾಗುವ ಹಂತದವರೆಗೆ ಹುರಿದು ಪುಡಿಮಾಡಿ, ಕೊಬ್ಬಿರುವ ಹಂದಿಮಾಂಸವನ್ನು ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಕಾಚಂಪುಳಿ ಸೇರಿಸುತ್ತಾರೆ. ಈ ಕಾಚಂಪುಳಿಯನ್ನು ಪಣಪುಳಿ ಎಂಬ ಹಣ್ಣಿನಿಂದ ಮಳೆಗಾಲದಲ್ಲಿ ಮಾಡಿಡುತ್ತಾರೆ: ಹಣ್ಣುಗಳಿಂದ ಒಸರಿದ ರಸವನ್ನು ಶೇಖರಿಸಿ, ಕಪ್ಪಗೆ, ಮಂದವಾಗಿ ಇಳಿಯುವ ತನಕ ಕುದಿಸುತ್ತಾರೆ. ಒಂದೆರಡು ಚಮಚವೇ ಇಡೀ ಪಾತ್ರೆಗೆ ಸಾಕಾಗುವಷ್ಟು ಹುಳಿ ಅದರಲ್ಲಿದೆ. ತಟ್ಟೆಗೆ ಬಂದ ಪಂದಿ ಕರಿ ಕೆಂಪಗಿದ್ದು, ತೆಂಗಿನಕಾಯಿಯ ಗ್ರೇವಿಯಲ್ಲಿ ಮುಳುಗಿದ್ದರೆ ಅದು ಬೇರೆ ಯಾವುದೋ ಅಡುಗೆ ಎಂದು ತಿಳಿಯಬೇಕು. ಸರಿಯಾದುದು ಕಡುಕಂದು ಬಣ್ಣದ್ದು, ಹುಳಿಯೂ ಹುರಿದ ಮಸಾಲೆಯ ಕಹಿಯೂ ಕೊಬ್ಬಿನ ಜಿಡ್ಡನ್ನು ತೂಗಿಸಿಕೊಂಡು ನಿಲ್ಲುವಂಥದು.

ಇದರ ಜೋಡಿ ಕಡಂಬುಟ್ಟು, ಅಂದರೆ ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ಕೋಳಿ ಕರಿಗೆ ಶ್ಯಾವಿಗೆಯಂತಹ ನೂಲ್‌ಪುಟ್ಟು ಹೊಂದುತ್ತದೆ. ಹಾಲು, ಕಾಯಿತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸುವ ಪಾಪುಟ್ಟನ್ನು ಬೆಳಗಿನ ತಿಂಡಿಗೆ ಕೇಳಬಹುದು. ಮಾಂಸ ತಿನ್ನದವರಿಗೆ ಕೊಡಗಿನಲ್ಲಿ ಏನೂ ಇಲ್ಲವೆಂಬುದು ತಪ್ಪು ಕಲ್ಪನೆ. ಬೈಂಬಳೆ ಕರಿ, ಕುಮ್ಮು ಕರಿ, ಬೆಲ್ಲ ಹಾಕಿದ ಕಾಡುಮಾವಿನ ಕರಿ, ಇವು ಪಕ್ಕದ ಪಲ್ಯಗಳಲ್ಲ, ಊಟದ ಕೇಂದ್ರದಲ್ಲೇ ನಿಲ್ಲಬಲ್ಲವು. ಋತು ಮೀರಿದ್ದರೆ ಉಪ್ಪುನೀರಿನಲ್ಲಿಟ್ಟ ಕಣಿಲೆ, ಕಾಡುಮಾವು ಇವೆಯೇ ಎಂದು ವಿಚಾರಿಸಬೇಕು. ಪೇಟೆಯಿಂದ ಹಸಿ ಕಣಿಲೆಯನ್ನು ಕೊಂಡುಹೋಗುವವರು ಒಂದು ವಿಷಯ ನೆನಪಿಡಬೇಕು: ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಹೆಚ್ಚಿ, ನೀರು ಬದಲಿಸುತ್ತ ನೆನೆಸಿಟ್ಟು, ಚೆನ್ನಾಗಿ ಬೇಯಿಸದ ಹೊರತು ತಿನ್ನಬಾರದು.

ಮಡಿಕೇರಿಯ ಅಂಗಡಿಬೀದಿಗಳಲ್ಲಿ ‘ಹೋಮ್ ಮೇಡ್ ವೈನ್’ ಎಂಬ ಫಲಕಗಳು ಹೆಜ್ಜೆಹೆಜ್ಜೆಗೂ ಕಾಣಸಿಗುತ್ತವೆ. ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ, ಪ್ಯಾಶನ್ ಫ್ರೂಟ್ ಹೀಗೆ ಕೈಗೆ ಸಿಕ್ಕಿದ್ದರಲ್ಲೆಲ್ಲ ವೈನ್ ಮಾಡುವುದು ಕೊಡಗಿನ ಮನೆಗಳ ಹಳೆಯ ರೂಢಿ. ಮದ್ಯ ಇಲ್ಲಿ ಗುಟ್ಟಿನ ವಸ್ತುವೂ ಅಲ್ಲ, ಮನೆತನದ ಮೂಲಪುರುಷರಾದ ಗುರುಕಾರೋಣರಿಗೆ ಇಡುವ ಎಡೆಯಲ್ಲೂ ಅದಕ್ಕೆ ಸ್ಥಾನವಿದೆ. ಆದರೆ ಮನೆಯಲ್ಲಿ ಮಾಡಿದ್ದೆಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಆ ಗುಣಮಟ್ಟದ್ದಲ್ಲ. ಸಕ್ಕರೆಪಾಕಕ್ಕೆ ಬಣ್ಣ, ಎಸೆನ್ಸ್ ಬೆರೆಸಿದ ಬಾಟಲಿಗಳೂ ಅದೇ ಸಾಲಿನಲ್ಲಿರುತ್ತವೆ. ಪರವಾನಗಿ ಇಲ್ಲದೆ ಮದ್ಯ ಮಾರುವುದು ಕಾನೂನಿಗೆ ವಿರುದ್ಧವಾದ್ದರಿಂದ ತಯಾರಕರ ವಿಳಾಸ, ಪರವಾನಗಿಯ ವಿವರ, ಮದ್ಯಸಾರದ ಪ್ರಮಾಣ, ತಯಾರಾದ ದಿನಾಂಕ ಇವು ಮುದ್ರಿತವಾಗಿಲ್ಲದ ಬಾಟಲಿಯನ್ನು ಕೊಳ್ಳಬಾರದು. ರುಚಿ ನೋಡುವಾಗ ಸಿಹಿ ಕಡಿಮೆಯಿರುವುದರಿಂದ ಆರಂಭಿಸಿ ಸಿಹಿ ಹೆಚ್ಚಿರುವುದರ ಕಡೆಗೆ ಹೋಗಬೇಕು. ಶುಂಠಿಯ ವೈನ್ ಅನ್ನು ಕಡೆಗೆ ಇಟ್ಟುಕೊಳ್ಳಬೇಕು, ಏಕೆಂದರೆ ಅದರ ಖಾರ ನಾಲಿಗೆಯ ಮೇಲೆ ಕೂತರೆ ಬಳಿಕ ಬೇರೇನೂ ತಿಳಿಯುವುದಿಲ್ಲ. ತಲಾ ಎರಡು ಗುಟುಕಿನಂತೆ ಮೂರು ಬಗೆ ನೋಡಿದರೆ ಧಾರಾಳವಾಯಿತು. ಬೆಟ್ಟದಲ್ಲಿ ಬೆವರು ಹರಿಸಿ ಬಂದ ದೇಹಕ್ಕೆ ಮೊದಲು ನೀರು, ಮಜ್ಜಿಗೆ, ಅನ್ನ ಬೇಕು, ಮದ್ಯವೇನಿದ್ದರೂ ಆಮೇಲೆ. ಚಾರಣದ ಹಿಂದಿನ ರಾತ್ರಿ ಬಾಟಲಿ ತೆರೆಯುವುದರ ಫಲವನ್ನು ಮೇಲೆಯೇ ಹೇಳಿದ್ದೇನೆ. ವೈನ್ ಬೇಡವೆನ್ನುವವರಿಗೆ ತಾಜಾ ಪ್ಯಾಶನ್ ಫ್ರೂಟ್ ರಸಕ್ಕೆ ಉಪ್ಪು, ಚೂರು ಮೆಣಸಿನ ಪುಡಿ ಹಾಕಿಸಿಕೊಳ್ಳುವುದು ನನ್ನ ಸಲಹೆ.

ಭಾನುವಾರ ಬೆಳಗ್ಗೆ: ಕಾಫಿ

ನಾಲ್ಕುನಾಡಿನ ಸುತ್ತ ರಾಜರಿಂದ ಭೂಮಿ ಪಡೆದಿದ್ದ ಮಾಪಿಳ್ಳೆಯವರು (ಮಲಬಾರ್ ಮೂಲದ ಮುಸ್ಲಿಮರು) ಕೊಡಗಿನಲ್ಲಿ ಮೊದಲು ಕಾಫಿ ಬೆಳೆದರೆಂದೂ, ಲಾಭದ ಗುಟ್ಟು ಹೊರಬೀಳದಿರಲೆಂದು ಈ ಗಿಡ ಕೊಡವರಿಗೆ ಆಗಿಬರುವುದಿಲ್ಲವೆಂಬ ಸುದ್ದಿ ಹಬ್ಬಿಸಿದರೆಂದೂ ಒಂದು ಹಳೆಯ ಪ್ರತೀತಿಯಿದೆ. ಅದೇನೇ ಇರಲಿ, ಇಂದು ದೇಶದ ಕಾಫಿಯಲ್ಲಿ ದೊಡ್ಡ ಪಾಲು ಈ ಪುಟ್ಟ ಜಿಲ್ಲೆಯದು, ಅದರಲ್ಲೂ ರೊಬಸ್ಟಾದ್ದೇ ಹೆಚ್ಚು. ‘ಕೂರ್ಗ್ ಅರೇಬಿಕಾ’ಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ತೋಟ ಸುತ್ತಲು ಮಾಲೀಕರ ಅನುಮತಿ ಪಡೆದು, ಮನೆಯವರೊಬ್ಬರ ಜೊತೆಯಲ್ಲೇ ಹೋಗಬೇಕು. ಕೊಯ್ಲಿನ ದಿನಗಳಾದರೆ ಕಣದಲ್ಲಿ ಒಣಗುತ್ತಿರುವ ಎರಡು ಬಗೆಯ ರಾಶಿಗಳನ್ನು ಗಮನಿಸಬೇಕು. ಹಣ್ಣಿನ ಸಿಪ್ಪೆ ತೆಗೆದು, ಲೋಳೆ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರ್ರಿ. ಲೋಟದಲ್ಲಿ ಕಾಣುವ ವ್ಯತ್ಯಾಸದ ಒಂದು ಭಾಗ ಗಿಡದ ಜಾತಿಯಿಂದ ಬಂದರೆ, ಇನ್ನೊಂದು ಭಾಗ ಈ ಕಣದಿಂದ ಬರುತ್ತದೆ.

ರುಚಿ ನೋಡಲು ಮೂರು ಬಗೆ ಸಾಕು: ಅರೇಬಿಕಾ ಪಾರ್ಚ್‌ಮೆಂಟ್, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ. ಮೂರನ್ನೂ ಒಂದೇ ಹದದಲ್ಲಿ ಹುರಿದಿರಬೇಕು, ಚಿಕೋರಿ ಬೆರೆತಿರಬಾರದು. ನಾವು ದಿನವೂ ಕುಡಿಯುವ ಪುಡಿಯಲ್ಲಿ ಶೇಕಡ 49ರವರೆಗೂ ಚಿಕೋರಿ ಬೆರೆಸಲು ನಿಯಮದಲ್ಲೇ ಅವಕಾಶವಿರುವುದರಿಂದ, ಅಂಗಡಿಯಲ್ಲಿ ‘ಪ್ಯೂರ್’ ಎಂದು ಒತ್ತಿ ಕೇಳಬೇಕು. ಒಂದೇ ಗಾತ್ರದ ಲೋಟಗಳಲ್ಲಿ 150 ಮಿಲಿಲೀಟರ್ ನೀರಿಗೆ ಸುಮಾರು 8 ಗ್ರಾಂನಂತೆ ತರಿತರಿಯಾದ ಪುಡಿ ಹಾಕಿ, ಮೊದಲು ಒಣಪುಡಿಯನ್ನೇ ಮೂಸಿ ನೋಡಬೇಕು. ನೀರು 93 ಡಿಗ್ರಿ ಸೆಲ್ಸಿಯಸ್‌ನ ಹತ್ತಿರವಿರಬೇಕು. ಸಾವಿರ ಮೀಟರಿನ ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಒಲೆಯಿಂದಿಳಿಸಿ ಅರ್ಧ ನಿಮಿಷ ಬಿಟ್ಟರೆ ಸರಿಹೋಗುತ್ತದೆ. ನೀರು ಸುರಿದು ನಾಲ್ಕು ನಿಮಿಷ ಮುಟ್ಟದೆ ಬಿಟ್ಟು, ಮೇಲೆ ಕಟ್ಟಿದ ಕೆನೆಯಂತಹ ಪದರವನ್ನು ಚಮಚದಿಂದ ಒಡೆಯುತ್ತ ಬಗ್ಗಿ ಆ ಹಬೆಯ ಪರಿಮಳವನ್ನು ಎಳೆದುಕೊಳ್ಳಬೇಕು. ತೇಲುವ ಪುಡಿಯನ್ನು ತೆಗೆದು, ಸ್ವಲ್ಪ ಆರಿದ ಬಳಿಕ ಚಮಚದಲ್ಲಿ ತೆಗೆದುಕೊಂಡು ಸೊರ್ರೆಂದು ಹೀರಬೇಕು. ಸದ್ದು ಮಾಡಿ ಕುಡಿಯುವುದು ಅಸಭ್ಯವೆಂದು ಕಲಿತವರು ಈ ಒಂದು ಬೆಳಗ್ಗೆ ಅದನ್ನು ಮರೆಯಬೇಕು. ಗಾಳಿಯೊಂದಿಗೆ ಬಾಯಿತುಂಬ ಚದುರಿದಾಗಲೇ ಪರಿಮಳ ಮೂಗಿನವರೆಗೆ ಏರುವುದು.

ಅರೇಬಿಕಾದಲ್ಲಿ ಹಣ್ಣಿನಂತಹ ತೆಳು ಹುಳಿ, ರೊಬಸ್ಟಾ ಪಾರ್ಚ್‌ಮೆಂಟಿನಲ್ಲಿ ಗಟ್ಟಿತನ, ಚೆರ್ರಿಯಲ್ಲಿ ಒರಟಾದ ಕಹಿ ಸಾಮಾನ್ಯವಾಗಿ ಎದ್ದು ಕಾಣುತ್ತವೆ. ಬಿಸಿಯಿದ್ದಾಗ ಒಮ್ಮೆ, ಉಗುರುಬೆಚ್ಚಗಾದಾಗ ಇನ್ನೊಮ್ಮೆ ನೋಡಿದರೆ ಹುಳಿ, ಸಿಹಿಗಳು ಸ್ಪಷ್ಟವಾಗುತ್ತವೆ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುವುದರಿಂದ ಈ ಕಾರ್ಯಕ್ರಮವನ್ನು ರಾತ್ರಿಗೆ ಇಟ್ಟುಕೊಂಡರೆ ನಿದ್ರೆಯ ಆಸೆ ಬಿಡಬೇಕಾಗುತ್ತದೆ. ಎಲ್ಲ ಮುಗಿದ ಮೇಲೆ ಮನೆಯವರಿಂದ ಒಂದು ಲೋಟ ಬೆಲ್ಲದ ಕಪ್ಪು ಕಾಫಿಯನ್ನು ಕೇಳಿ ಕುಡಿಯಬೇಕು. ಹಾಲಿಲ್ಲದ ಕಾಫಿ ಕಹಿಯೆಂದು ದೂರ ಸರಿಯುವವರನ್ನು ಒಲಿಸಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದ ಕಾಫಿ ಎಂದು ದುಬಾರಿ ಬೆಲೆಗೆ ಮಾರುವ ಪೊಟ್ಟಣಗಳ ಗೋಜಿಗೆ ಹೋಗದಿರುವುದು ಲೇಸು, ಅದರ ಸಾಚಾತನವನ್ನು ಕೊಳ್ಳುವವರು ಪರೀಕ್ಷಿಸುವ ಬಗೆಯೇ ಇಲ್ಲ.

ಮರಳುವ ದಾರಿ

ಹನ್ನೊಂದರ ಹೊತ್ತಿಗೆ ಹೊರಟರೆ ನಾಪೋಕ್ಲಿನ ಮೂಲಕ ಮಡಿಕೇರಿಯನ್ನು ಊಟದ ವೇಳೆಗೆ ತಲುಪಬಹುದು. ಪೇಟೆಯಲ್ಲಿ ಹೋಟೆಲನ್ನು ಆರಿಸುವಾಗ ಕಡಂಬುಟ್ಟು ಪ್ರತಿದಿನ ಇರುತ್ತದೆಯೇ, ಕರಿಗೆ ಕಾಚಂಪುಳಿ ಹಾಕುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಅಡುಗೆಯವರ ಬಗ್ಗೆ ಬೇಕಾದಷ್ಟು ತಿಳಿಯುತ್ತದೆ. ಕಾಚಂಪುಳಿ, ಮೆಣಸು, ಜೇನು ಕೊಳ್ಳುವುದಿದ್ದರೆ ಪ್ರವಾಸಿ ತಾಣಗಳ ಮುಂದಿನ ಅಂಗಡಿಗಳಿಗಿಂತ ಊರಿನವರು ದಿನಸಿ ಕೊಳ್ಳುವ ಅಂಗಡಿಗಳೇ ವಾಸಿ.

ಕುಶಾಲನಗರ ದಾಟಿದ ಕೂಡಲೇ, ಕಾವೇರಿಯ ಈಚೆಗೆ, ಮೈಸೂರು ಜಿಲ್ಲೆಯ ಬೈಲಕುಪ್ಪೆ ಸಿಗುತ್ತದೆ. 1960ರ ದಶಕದ ಆರಂಭದಲ್ಲಿ ನೆಲೆಗೊಂಡ ಈ ಟಿಬೆಟನ್ ವಸತಿಯಲ್ಲಿ ಚಿನ್ನದ ಬಣ್ಣದ ಬುದ್ಧಮೂರ್ತಿಗಳ ಮುಂದೆ ಹೆಚ್ಚು ಜನ ಸೇರುತ್ತಾರೆ. ಸಂಜೆಯ ಹೊತ್ತಿಗೆ ಅಲ್ಲಿನ ಸಣ್ಣ ಖಾನಾವಳಿಗಳಲ್ಲಿ ಕೂರುವವರು ಕಡಿಮೆ. ಒಂದು ಬಟ್ಟಲು ತುಕ್ಪಾದ (ನೂಡಲ್ಸ್ ಹಾಕಿದ ಸಾರು) ಜೊತೆಗೆ ಬೆಣ್ಣೆ ಚಹಾ ಹೇಳಬೇಕು. ಅದನ್ನು ಚಹಾ ಎಂದುಕೊಂಡು ಕುಡಿದರೆ ಉಪ್ಪು ಬಾಯಿಗೆ ಹೊಡೆಯುತ್ತದೆ. ತೆಳ್ಳಗಿನ ಸಾರು ಎಂದುಕೊಂಡು ಬಿಸಿಬಿಸಿಯಾಗಿ, ಬೆಣ್ಣೆ ಮೇಲೆ ಕೆನೆಗಟ್ಟುವ ಮುನ್ನ ಕುಡಿದರೆ, ಹಿಂದಿನ ದಿನದ ಏರಿನಿಂದ ಬಿಗಿದುಕೊಂಡ ಕಾಲುಗಳು ವಾಹನ ಹತ್ತುವಷ್ಟಕ್ಕೆ ಸಡಿಲವಾಗುತ್ತವೆ.